ಚಪ್ಪಲಿ ಕದಲದ ಬೆಳಗು

ನನ್ನಷ್ಟು ಬಂದೋಬಸ್ತಿನ ಹೃದಯ ಬೆಳಗಾವಿಯಲ್ಲಿ ಇನ್ನೊಬ್ಬನಿಗಿಲ್ಲ! ಅದರಲ್ಲೊಂದು ಸ್ಟೆಂಟ್ ಕೂತಿದೆ, ಒಪ್ಪಿದೆ. ಹೃದಯಕ್ಕೆ ನಾಲ್ಕೇ ಕೋಣೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಖಾಸಬಾಗದ ನಮ್ಮ ಗಲ್ಲಿಯ ಜನಕ್ಕೆ ಅವು ಸಾಲುವುದಿಲ್ಲ, ಇಬ್ಬರಂತೂ ಪಡಸಾಲೆಯಲ್ಲೇ ಕೂತಿದ್ದಾರೆ.

ಎಪ್ಪತ್ತು ದಾಟಿದ ನನಗೆ ಬೆಳಗಾದರೆ ಒಂದೇ ಉದ್ಯೋಗ. ಪಕ್ಕದ ಮನೆಯ ಪದ್ಮಕ್ಕನ ಒಂದು ಚಪ್ಪಲಿಯನ್ನು ಎದುರುಮನೆ ಮಾರುತಿಯ ಬಾಗಿಲಿಗೆ, ಅವನದೊಂದನ್ನು ಆಕೆಯ ಬಾಗಿಲಿಗೆ ಇಟ್ಟು ಬರುವುದು. ಆಕೆ ಬಸದಿಗೆ ಹೊರಡಬೇಕು, ಅವನು ಹಾಲಿಗೆ. ಇಬ್ಬರೂ ಗಲ್ಲಿಯ ನಡುವೆ ಸೇರಿ ನನ್ನನ್ನು ಒಟ್ಟಾಗಿ ಬೈಯುತ್ತಾರೆ, ನಾನು ಚಪ್ಪಲಿ ಮುಟ್ಟೇ ಇಲ್ಲ ಎಂದು ದಿನವೂ ಸುಳ್ಳು ಆಣೆ ಹಾಕುತ್ತೇನೆ. ಅಷ್ಟರಲ್ಲಿ ಯಾರ ಮನೆಯಲ್ಲೋ ಚಹಾ ಕುದಿಯುತ್ತದೆ. ಒಗ್ಗಟ್ಟಿಗಾಗಿ ಜನ ಭಾಷಣ ಬಿಗಿಯುತ್ತಾರೆ, ನನಗೆ ಎರಡು ಚಪ್ಪಲಿ ಸಾಕು!

ಹೋದ ಶ್ರಾವಣದಲ್ಲಿ ಹೆಂಡತಿ ಖಾನಾಪುರದ ತಂಗಿಯ ಮನೆಗೆ ಹೋಗಿದ್ದಳು. ಒಂದು ಬೆಳಿಗ್ಗೆ ನನ್ನ ಎದೆ ಬಿಗಿದು ಮೈ ಬೆವರಿತು. ಗ್ಯಾಸಿರಬೇಕೆಂದು ಸೋಡಾ ಕುಡಿದು ಮಲಗಿದೆ. ಹೊರಗೆ ಚಪ್ಪಲಿಗಳು ಜೋಡಿ ಜೋಡಿಯಾಗಿ ಇದ್ದಲ್ಲೇ ಇದ್ದವು. ಹಿಂದಿನ ದಿನ ಪದ್ಮಕ್ಕ ತುಸು ಜೋರಾಗಿಯೇ ಬೈದಿದ್ದಳು. ಮುದುಕ ಮುನಿಸಿಕೊಂಡ ಎಂದು ಗಲ್ಲಿಯೇ ಗಾಬರಿ! ರಮಿಸಲು ಆಕೆ ಬಿಸಿ ಶಿರಾ ಮಾಡಿ, ಮಾರುತಿಯನ್ನೂ ಕರೆದುಕೊಂಡು ಬಂದಳು.

“ಕಾಕಾ, ಸಿಟ್ಟ ಬಿಡ್ರಿ. ಬೇಕಾರ ಎರಡೂ ಚಪ್ಪಲಿ ಒಯ್ರಿ!”

“ಆರಾಮ ಅದೀನಿ, ಹೋಗ್ರಿ,” ಎಂದೆ ಒಳಗಿನಿಂದ.

“ಈ ಮನಷ್ಯಾ ಖರೇ ಹೇಳಿದ್ದು ಯಾವಾಗ ಐತಿ? ಮಾರುತಿ, ನೂಕೋ ಬಾಗಲಾ!”

ಚಿಲಕ ಕಿತ್ತು ಬಂತು. ಶಿರಾದ ಡಬ್ಬಿ ಸಮೇತ ನನ್ನನ್ನು ಆಟೋಕ್ಕೆ ತುಂಬಿದರು. ಇನ್ನೊಂದು ತಾಸು ಕಳೆದಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಮಧ್ಯಾಹ್ನ ಓಡಿಬಂದ ಹೆಂಡತಿ ಕಣ್ಣೊರೆಸಿಕೊಂಡಳು. “ನಾ ಮನ್ಯಾಗ ಇದ್ದಿದ್ರ, ನೀವು ಆರಾಮ ಅಂದದ್ದ ನಂಬಿ, ಮಕ್ಕೊಳ್ಳಾಕ ಬಿಡ್ತಿದ್ನಿ.”

ನೋಡಿ, ನಂಬುವವರು ಒಬ್ಬರಿದ್ದರೆ ಸಾಕು. ಎದೆಗೆ ಹೆಚ್ಚು ಬೇಕಾದವರು ನಂಬದೆ ಬಾಗಿಲು ನೂಕುವವರು. ಸತ್ಯವಂತನಾಗಿದ್ದರೆ ನಾನು ಅಂದೇ ಸತ್ತಿರುತ್ತಿದ್ದೆ!

ಮೊನ್ನೆ ತಪಾಸಣೆಗೆ ಪದ್ಮಕ್ಕನೂ ಜೊತೆಗೆ ಬಂದಳು.

“ಹೆಂಗದೀರಿ ಅಜ್ಜಾರ?” ಎಂದರು ಡಾಕ್ಟರು.

“ಏಕದಂ ಆರಾಮ!”

ಡಾಕ್ಟರು ಪೆನ್ನು ಎತ್ತಿಕೊಂಡು ಪದ್ಮಕ್ಕನ ಮುಖ ನೋಡಿದರು. ಆಕೆ ನನ್ನನ್ನು ಮೇಲಿಂದ ಕೆಳಗೆ ಅಳೆದು, ಹೂಂ ಎಂದ ಮೇಲೆಯೇ ಬರೆದುಕೊಂಡರು.