ಮಂಗಳೂರತ್ತೆಯ ಹಲಗೆ

ಕೊರಿಯರ್‌ನಲ್ಲಿ ಬಂದ ಪೊಟ್ಟಣವನ್ನು ಮಗಳು ಹಲ್ಲಿನಲ್ಲೇ ಕಚ್ಚಿ ಹರಿದಳು. ಒಳಗಿದ್ದದ್ದು ಸೋಪಿನ ಬಿಲ್ಲೆಯಂಥ ಒಂದು ಮೇಣ. ಸರ್ಫಿಂಗ್ ಹಲಗೆಯ ಮೇಲೆ ಕಾಲು ಜಾರದ ಹಾಗೆ ಉಜ್ಜುವುದಕ್ಕಂತೆ. "ಅಮ್ಮ, ಮೂಸಿ ನೋಡು" ಎಂದು ನನ್ನ ಮೂಗಿಗೇ ಹಿಡಿದಳು. ತೆಂಗಿನಕಾಯಿಯ ವಾಸನೆ. ಗಾಣದ ಕೊಬ್ಬರಿ ಎಣ್ಣೆಯದಲ್ಲ. ಕಾಯಿಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಕೊನೆಗೆ ತಳದ ಚರಟ ಕೆಂಪಾಗುವಾಗ ಏಳುತ್ತದಲ್ಲ, ಆ ಸಿಹಿಯಾದ, ಒಂದಿಷ್ಟು ಸೀದಂಥ ವಾಸನೆ. ನಮ್ಮ ಮಾಗಡಿಯ ಬೀದಿಯಲ್ಲಿ ಹಾಗೆ ಎಣ್ಣೆ ಕಾಯಿಸುತ್ತಿದ್ದವರು ಒಬ್ಬರೇ... ಎದುರುಮನೆಯ ಮಂಗಳೂರತ್ತೆ.

ನಾನು ಆ ಬಿಲ್ಲೆಯನ್ನು ಹಿಡಿದುಕೊಂಡು ನಿಂತಿದ್ದ ಹೊತ್ತಿಗೇ ನನ್ನ ಗಂಡ ಫೋನಿನಿಂದ ತಲೆಯೆತ್ತಿ, "ಇದೇ ಶನಿವಾರಾನೇ ಹೋಗ್ಬೇಕಾ? ಬರೋ ತಿಂಗ್ಳು ನೋಡಣ ಬಿಡು" ಎಂದ.

"ನೋಡೋದೇನೂ ಇಲ್ಲ! ಹೋಗ್ತೀವಿ ಅಂದ್ರೆ ಹೋಗ್ತೀವಿ" ಎಂದು ಕಿರುಚಿದೆ. ಪಕ್ಕದ ಮನೆಯವರು ಬಾಗಿಲು ತೆರೆದು ನೋಡುವಷ್ಟು ಜೋರಾಗಿ. ಅವನು ಬೆಚ್ಚಿಬಿದ್ದ. ಪಾಪ, ಅವನಿಗೆ ಏನು ಗೊತ್ತು? ಎರಡು ದಿನದ ಪ್ರವಾಸ. ಉಡುಪಿ ಕಡೆಯ ಒಂದು ದಂಡೆಯಲ್ಲಿ ಟೆಂಟು ಹಾಕಿಕೊಂಡು ಮಲಗುವುದು, ಬೆಳಿಗ್ಗೆ ಮಗಳು ಸರ್ಫಿಂಗ್ ಕಲಿಯುವುದು. ಈ ವಾರ ಆಗದಿದ್ದರೆ ಇನ್ನೊಂದು ವಾರ. ಅವನ ಪ್ರಕಾರ ಅಷ್ಟೇ. ಆದರೆ 'ನೋಡಣ' ಎಂಬ ಆ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಮಂಗಳೂರತ್ತೆ ಮಂಗಳೂರಿನವರೇನಲ್ಲ. ಉಡುಪಿಗೂ ಆಚೆ, ಸಮುದ್ರದ ದಂಡೆಯ ಮೇಲಿನ ಒಂದು ಸಣ್ಣ ಊರು. ನಮ್ಮ ಬೀದಿಯವರಿಗೆ ಘಟ್ಟದ ಕೆಳಗಿನದೆಲ್ಲ ಮಂಗಳೂರೇ. ಗಂಡ ಅಲ್ಲಿ ಯಾವುದೋ ಲಾರಿ ಆಫೀಸಿನಲ್ಲಿದ್ದಾಗ ಇಬ್ಬರೂ ಮೆಚ್ಚಿ ಮದುವೆಯಾಗಿದ್ದರು. ಗಂಡನ ತಂದೆ ತೀರಿಕೊಂಡ ಮೇಲೆ ಗೊಬ್ಬರದಂಗಡಿ ನೋಡಿಕೊಳ್ಳುವವರಿಲ್ಲ ಎಂದು ಮಾಗಡಿಗೆ ಬಂದರು. ಅವರು 'ಉಂಟು' ಅಂದರೆ ಬೀದಿಯ ಹೆಂಗಸರು ನಗುತ್ತಿದ್ದರು, 'ಎಂತ ಮಾರಾಯ್ತಿ' ಅಂದರೆ ಮಕ್ಕಳು ಅಣಕಿಸುತ್ತಿದ್ದರು. ಅವರೂ ನಕ್ಕುಬಿಡುತ್ತಿದ್ದರು. ಯಾಕೆ ನಗುತ್ತಿದ್ದರೋ...

ಅವರ ಮಗಳು ನನಗಿಂತ ಒಂದು ವರ್ಷ ದೊಡ್ಡವಳು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಅವರ ಅಡುಗೆಮನೆಯಲ್ಲೇ ಇರುತ್ತಿದ್ದೆವು. ಅತ್ತೆ ಕಾಯಿ ತುರಿಯುತ್ತಾ ಕಡಲಿನ ಕತೆ ಹೇಳುತ್ತಿದ್ದರು. ಸಮುದ್ರ ಅನ್ನುತ್ತಿರಲಿಲ್ಲ, ಕಡಲು. ಅಲೆ ಅನ್ನುತ್ತಿರಲಿಲ್ಲ, ತೆರೆ. ಚಿಕ್ಕವರಿದ್ದಾಗ ಅವರೂ ಅವರಣ್ಣಂದಿರೂ ಮುರಿದ ದೋಣಿಯ ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿ, ತೆರೆಯ ಜೊತೆ ದಂಡೆಯವರೆಗೂ ಹಾರಿಕೊಂಡು ಬರುತ್ತಿದ್ದರಂತೆ. ಒಂದು ಸಲ ಎದ್ದು ನಿಂತೂ ಬಿಟ್ಟಿದ್ದರಂತೆ. ಸರ್ಫಿಂಗ್ ಎಂಬ ಪದ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಒಂದು ಸಲ ಬಡಗಿಗೆ ಹೇಳಿ ಬೂರುಗದ ಹಗುರವಾದ ಹಲಗೆ ಮಾಡಿಸಿದರು. ನನ್ನ ಎತ್ತರದಷ್ಟು ಉದ್ದ, ಒಂದು ತುದಿ ದುಂಡಗೆ. ಸಂಕ್ರಾಂತಿಯ ಹೊತ್ತಿಗೆ ಅವರ ಹಿತ್ತಲಲ್ಲಿ ರಾಗಿ ಹುಲ್ಲಿನ ಮೆದೆ ಒಟ್ಟಿರುತ್ತಿತ್ತು. ಹಲಗೆಯನ್ನು ಅದರ ಮೇಲಿಟ್ಟು ನಮ್ಮನ್ನು ಮಲಗಿಸಿ, "ತೆರೆ ಬಂತು, ಬಂತು... ಈಗ!" ಎಂದು ಕೂಗಿ ತಳ್ಳುತ್ತಿದ್ದರು. ನಾವು ಸರ್ರನೆ ಜಾರಿ ಹುಲ್ಲಿನೊಳಗೆ ಮುಳುಗುತ್ತಿದ್ದೆವು.

"ಹೆದರಿ ಹಿಂದೆ ನೋಡ್ಬೇಡಿ ಮಾರಾಯ್ತಿ. ಹಿಂದೆ ನೋಡಿದ್ರೆ ಅದು ಮಗುಚಿ ಹಾಕ್ತದೆ. ಮೈಯನ್ನು ಅದಕ್ಕೆ ಬಿಟ್ಟುಬಿಡ್ಬೇಕು."

ಒಂದು ದಿನ ಸೆರಗು ಸಿಕ್ಕಿಸಿಕೊಂಡು ತಾವೂ ಜಾರಿದರು. ಮೈತುಂಬ ಹುಲ್ಲು, ಬಾಯಿತುಂಬ ನಗು. ಅವರನ್ನು ಅಷ್ಟು ಚೆನ್ನಾಗಿ ಇನ್ಯಾವತ್ತೂ ನಾನು ನೋಡಲಿಲ್ಲ.

ಊರಿಗೆ ಹೋಗಲು ಅವರಿಗೆ ಯಾರೂ ಬೇಡ ಎನ್ನಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೇ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರ ಅತ್ತೆ, ನಾವು ಅಜ್ಜಿ ಎನ್ನುತ್ತಿದ್ದವರು, ಬಹಳ ಸಮಾಧಾನದ ಹೆಂಗಸು. ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. "ನೋಡಾಣ ಬುಡವ್ವ, ಈಗೆಲ್ ಓಯ್ತೀಯ? ಅವರೇಕಾಯ್ ಮುಗೀಲಿ" ಎನ್ನುತ್ತಿದ್ದರು. ಅವರೇಕಾಯಿ ಮುಗಿದರೆ ಹುಣಸೆಹಣ್ಣು. ಹುಣಸೆಹಣ್ಣು ಮುಗಿದರೆ ನಾದಿನಿಯ ಬಾಣಂತನ. ಅದಾದರೆ ಅಂಗಡಿಗೆ ಗೊಬ್ಬರ ಬರುವ ಕಾಲ. ಅವರ ಗಂಡ, ನಾನು ಮಾವ ಎನ್ನುತ್ತಿದ್ದವರು, ಅವರೂ ಹಾಗೇ, ಒಂದು ದಿನವೂ ಕೈ ಮಾಡಿದವರಲ್ಲ, ಕುಡಿದವರಲ್ಲ. "ನೋಡಾಣ ಕಣೆ, ನಾನೇ ಕರ್ಕೊಂಡೋಯ್ತೀನಿ" ಎನ್ನುತ್ತಿದ್ದರು. ಹೋಗಲೇ ಇಲ್ಲ ಅಂತಲೂ ಅಲ್ಲ. ತಂದೆ ಸತ್ತಾಗ ಹೋಗಿದ್ದರು, ಗಂಡನ ಜೊತೆಗೆ. ಕೆಲಸ ಮುಗಿಸಿ ಅವತ್ತಿನ ಬಸ್ಸಿಗೇ ವಾಪಸ್ಸು. ಮನೆಯ ಮುಂದೆಯೇ ಕಡಲು. ಕಾಲು ಒದ್ದೆ ಮಾಡಿಕೊಳ್ಳಲೂ ಬಿಡುವಿರಲಿಲ್ಲವಂತೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಅವರೇ ಹೊರಟರು. ಮಗಳನ್ನೂ ನನ್ನನ್ನೂ ಕರೆದುಕೊಂಡು. ಎಲ್ಲ ಯೋಚನೆ ಮಾಡಿದ್ದರು. ಅಂಗಡಿಯ ಹಳೆಯ ಟಾರ್ಪಾಲನ್ನು ಗೊಬ್ಬರದ ವಾಸನೆ ಹೋಗುವ ತನಕ ತೊಳೆದು ಒಣಗಿಸಿದ್ದರು. ತಾಯಿಯ ಮನೆಯ ಮುಂದೆ, ಮರಳಿನ ಮೇಲೆ, ಎರಡು ಗಾಳಿಮರಗಳ ನಡುವೆ ಅದನ್ನು ಕಟ್ಟುವುದು, ಅದರೊಳಗೇ ಮಲಗುವುದು, ಬೆಳಿಗ್ಗೆ ಎದ್ದು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಹಲಗೆ ಹಿಡಿದು ನೀರಿಗಿಳಿಯುವುದು. ನಮ್ಮಮ್ಮನನ್ನು ಕೇಳಿದಾಗ ಅಮ್ಮ ಎರಡು ಮಾತಾಡಲಿಲ್ಲ. "ಕರ್ಕೊಂಡೋಗಿ ಅಕ್ಕ, ನಮ್ಮುಡ್ಗೀನೂ ಒಂದ್ಸಲ ನೋಡ್ಕಂಡ್ ಬರ್ಲಿ" ಎಂದಿತು. ಅತ್ತೆ ಮನೆಯಲ್ಲೂ ಹೇಳಿಯೇ ಹೊರಟಿದ್ದರು. ಅಜ್ಜಿ ಎಂದಿನಂತೆ "ನೋಡಾಣ" ಅಂದಿದ್ದರು. ಇವರು ಅದನ್ನು ಕೇಳಿಸಿಕೊಂಡು ಚೀಲ ಎತ್ತಿಕೊಂಡಿದ್ದರು.

ಕುಣಿಗಲ್ ಬಸ್ಸಿನ ಕಂಡಕ್ಟರ್ ಹಲಗೆ ನೋಡಿ, "ಏನಮ್ಮ ಇದು, ಇಸ್ತ್ರಿ ಮಾಡೋ ಹಲ್ಗೇನಾ?" ಎಂದ.

"ಅಲ್ಲ ಮಾರಾಯ್ರೇ, ಕಡಲಿಗೆ" ಎಂದರು ಅತ್ತೆ, ತಲೆಯೆತ್ತಿ.

ಕುಣಿಗಲ್‌ನಲ್ಲಿ ಮಂಗಳೂರಿನ ಬಸ್ಸಿಗೆ ಕಾಯುತ್ತಾ ಕಡಲೆಕಾಯಿ ತಿನ್ನುತ್ತಾ ಕೂತಿದ್ದೆವು. ಬಸ್ಸು ಬರುವ ಮೊದಲು ಜೀಪು ಬಂತು. ಮಾವ ಮತ್ತು ಅವರ ದೊಡ್ಡಪ್ಪನ ಮಗ ಇಳಿದರು. ಬೈಗುಳವಿಲ್ಲ, ಎಳೆದಾಟವಿಲ್ಲ.

"ಅವ್ವ ತಲೆ ಸುತ್ತಿ ಬಿದ್ಬುಟ್ಟವ್ಳೆ ಕಣೆ" ಎಂದರು ಮಾವ. "ನಡಿ ಮನೆಗೆ. ಬರೋ ವರ್ಸ ನಾನೇ ಕರ್ಕೊಂಡೋಯ್ತೀನಿ." ನಮ್ಮಿಬ್ಬರಿಗೂ ಎಳನೀರು ಕೊಡಿಸಿದರು.

ಅತ್ತೆ ಕೂಡಲೇ ಜೀಪು ಹತ್ತಿದರು. ಮುದುಕಿಗೆ ಏನಾಯಿತೋ ಎಂದು ದಾರಿಯುದ್ದಕ್ಕೂ ಕೈ ಹಿಸುಕಿಕೊಳ್ಳುತ್ತಿದ್ದರು. ಅದನ್ನು ನೆನೆದರೆ ನನಗೆ ಇನ್ನೂ ಹೆಚ್ಚು ಕೋಪ ಬರುತ್ತದೆ.

ಮನೆ ಮುಂದೆ ಇಳಿದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದರು. "ಬಂದ್ಯವ್ವಾ? ಕೈಕಾಲ್ ತೊಳ್ಕೊಂಡ್ ಉಣ್ಣೋಗು" ಎಂದರು.

"ತಲೆ ತಿರುಗಿ ಬಿದ್ದದ್ದು ಹೌದಾ?" ಎಂದು ಕೇಳಿದರು ಅತ್ತೆ.

"ಅದೇನೋ ಒಸಿ ಆದಂಗಾಯ್ತು. ಈಗ ಪರ್ವಾಗಿಲ್ಲ."

ಅತ್ತೆ ನಕ್ಕರು. ಹುಲ್ಲಿನ ಮೆದೆಯ ಮೇಲಿನ ನಗುವಲ್ಲ ಅದು... ಹಲಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡರು. ಚೊಂಬು ಚೊಂಬು ನೀರು ಸುರಿದುಕೊಳ್ಳುವ ಸದ್ದು ಬೀದಿಗೂ ಕೇಳುತ್ತಿತ್ತು. ಹಂಡೆ ಬರಿದಾದ ಮೇಲೂ ಅವರು ಹೊರಗೆ ಬರಲಿಲ್ಲ.

ನಮ್ಮಮ್ಮ ಮಾತ್ರ ಬೀದಿಯಲ್ಲಿ ನಿಂತು ಕೂಗಾಡಿತು. "ಏನಜ್ಜಿ, ಸುಳ್ಳೇಳಿ ಕರುಸ್ಕೊಂಡ್ರಾ? ನಿಮ್ಗೆ ನಾಚ್ಕೆ ಆಗಲ್ವಾ? ಅವ್ರೇನು ಓಡೋಯ್ತಿದ್ರಾ?" ಅಪ್ಪ ರಟ್ಟೆ ಹಿಡಿದು ಅಮ್ಮನನ್ನು ಒಳಗೆ ಎಳೆದುಕೊಂಡು ಹೋದರು. "ಬೇರೇವ್ರ ಮನೆ ಇಸ್ಯ ನಮ್ಗ್ಯಾಕೆ?" ಎಂದರು. ಬೀದಿಯ ಉಳಿದವರೆಲ್ಲ ಅಪ್ಪನ ಕಡೆಯೇ. ಅಜ್ಜಿ ದೇವರಂಥ ಹೆಂಗಸಂತೆ, ಇವಳಿಗೇ ನೀರಿನ ಹುಚ್ಚಂತೆ.

ಕೆಲವು ದಿನಗಳಾದ ಮೇಲೆ ಅವರ ಗೇಟಿನ ಮುಂದಿನ ಚರಂಡಿಯ ಕಲ್ಲು ಒಡೆಯಿತು. ಅಜ್ಜಿ ಆಳಿಗೆ ಹೇಳಿ ಆ ಹಲಗೆಯನ್ನು ಚರಂಡಿಯ ಮೇಲೆ ಹಾಸಿಸಿದರು. ಕೆಟ್ಟ ಮನಸ್ಸಿನಿಂದಲ್ಲವಂತೆ, "ಸುಮ್ನೆ ಬಿದ್ದಿತ್ತಲ್ಲ" ಎಂದು. ಅಂಗಡಿಯ ಆಳುಗಳು ಅದರ ಮೇಲೆ ಮೂಟೆ ಹೊತ್ತು ಓಡಾಡಿದರು. ಅತ್ತೆಯೂ ಓಡಾಡಿದರು, ಹಾಲಿಗೆ, ತರಕಾರಿಗೆ, ಮಗಳ ಶಾಲೆಗೆ. ಬೂರುಗದ ಮರ, ಒಂದು ಮಳೆಗಾಲಕ್ಕೇ ಕೊಳೆಯಿತು.

ಆಮೇಲೆ ಅವರು ಕಡಲಿನ ಸುದ್ದಿ ಎತ್ತಲಿಲ್ಲ. 'ಉಂಟು' ಹೋಗಿ ಅವರ ಬಾಯಲ್ಲೂ 'ಐತೆ' ಬಂತು. ಬೀದಿಯವರು ಮೆಚ್ಚಿಕೊಂಡರು, ಈಗ ನಮ್ಮೋಳಾದ್ಲು ಎಂದು.

ನಾನು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ರಾಮನಗರಕ್ಕೆ ಬಂದೆ. ಅಜ್ಜಿ ತೀರಿಕೊಂಡರು. ಇನ್ನಾದರೂ ಅತ್ತೆ ಹೋಗಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರಿಗೇ ಕಾಯಿಲೆ ಬಂತು. ಬೆಂಗಳೂರಿನ ಆಸ್ಪತ್ರೆಗೆ ನೋಡಲು ಹೋದಾಗ ನನ್ನ ಕೈ ಹಿಡಿದು, ಎಷ್ಟೋ ವರ್ಷಗಳ ಮೇಲೆ ಮತ್ತೆ ಅವರದೇ ಮಾತಿನಲ್ಲಿ ಹೇಳಿದರು: "ಒಮ್ಮೆ ತೆರೆಯ ಸದ್ದು ಕೇಳ್ಬೇಕು ಮಾರಾಯ್ತಿ. ನೀರಿಗೆ ಇಳಿಯೋದು ಬೇಡ. ಸದ್ದು ಕೇಳಿದ್ರೆ ಸಾಕು."

ಹೊರಗೆ ಬಂದು ಮಾವನಿಗೆ ಹೇಳಿದೆ. ಕಾರು ನಾನೇ ಮಾಡಿಸುತ್ತೇನೆ, ಡಾಕ್ಟರನ್ನು ನಾನೇ ಕೇಳುತ್ತೇನೆ ಎಂದೆ. "ಒಸಿ ಉಸಾರಾಗ್ಲಿ ಕಣವ್ವ, ನೋಡಾಣ" ಎಂದರು.

ಅತ್ತೆ ಹುಷಾರಾಗಲಿಲ್ಲ.

ಅಸ್ಥಿ ಬಿಡುವಾಗಲಾದರೂ ಉಡುಪಿಗೆ ಹೋಗಿ ಎಂದು ಬೇಡಿಕೊಂಡೆ. ಅವರ ಮಗಳು ನೆಲ ನೋಡುತ್ತಾ ನಿಂತಿದ್ದಳು. ಮಾವ ನನ್ನ ತಲೆ ಸವರಿ, "ಅಲ್ಲೀಗಂಟ ಯಾಕವ್ವ? ಶ್ರೀರಂಗಪಟ್ಣದಲ್ಲಿ ಕಾವೇರಿಗೆ ಬುಟ್ರೆ ಆಯ್ತು. ಅದೂ ಓಗಿ ಸಮುದ್ರಾನೇ ಅಲ್ವಾ ಸೇರೋದು?" ಎಂದರು.

ಸೇರುತ್ತದೆ, ಮೂಡಣ ಸಮುದ್ರವನ್ನು. ಅತ್ತೆಯ ಕಡಲು ಪಡುವಣದ್ದು. ಬದುಕಿದ್ದಾಗ ಕುಣಿಗಲ್ ದಾಟಲು ಬಿಡದವರು, ಸತ್ತ ಮೇಲೆ ಇನ್ನೊಂದು ದಿಕ್ಕಿಗೇ ಕಳಿಸಿಬಿಟ್ಟರು. ಅಲ್ಲಿದ್ದ ಒಬ್ಬರಿಗೂ ಅದು ತಪ್ಪು ಅನ್ನಿಸಲಿಲ್ಲ.

ಈ ಭಾನುವಾರ ಅಮ್ಮನನ್ನು ನೋಡಲು ಮಾಗಡಿಗೆ ಹೋಗಿದ್ದೆ. ಎದುರುಮನೆಯ ಜಗಲಿಯಲ್ಲಿ ಮಾವ ಒಬ್ಬರೇ ಕೂತಿದ್ದರು. ಈಗ ಕಣ್ಣು ಮಂಜು. ದನಿ ಗುರುತು ಹಿಡಿದು ಕರೆದರು, ಕೆಲಸದವಳಿಗೆ ಹೇಳಿ ಕಾಫಿ ತರಿಸಿದರು. ಇಂಥವರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು? ಆದರೂ ನನಗೆ ಕೋಪವಿತ್ತು. ಬೇಕೆಂದೇ ಹೇಳಿದೆ, ಶನಿವಾರ ಮಗಳನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುತ್ತಿದ್ದೇನೆ, ಮರಳಿನ ಮೇಲೆ ಟೆಂಟು ಹಾಕಿ ಮಲಗುತ್ತೇವೆ, ಅವಳು ಹಲಗೆಯ ಮೇಲೆ ನಿಂತು ಅಲೆ ಹತ್ತುವುದನ್ನು ಕಲಿಯುತ್ತಾಳೆ ಎಂದು.

ಮಾವ ತಮ್ಮ ಲೋಟವನ್ನು ತಡಕಿ ಕೆಳಗಿಟ್ಟರು. ಆಮೇಲೆ, "ನಮ್ಮನೆಯೋಳ್ಗೂ ಬಾಳಾ ಆಸೆ ಇತ್ತು ಕಣವ್ವ" ಎಂದರು. "ಯಾಕೋ ಆಗ್ಲೇ ಇಲ್ಲ ನೋಡು."

ಯಾಕೋ!

ಲೋಟವನ್ನು ಜಗಲಿಯ ಮೇಲೆ ಕುಕ್ಕಿ ಎದ್ದು ಬಂದೆ. ಅವರು ಹಿಂದಿನಿಂದ "ಯಾಕವ್ವ, ಕಾಫಿ ಸರಿಯಾಗಿಲ್ವಾ?" ಎಂದು ಕೇಳುತ್ತಲೇ ಇದ್ದರು.

ನಾವು ನಾಳೆ ಸಂಜೆ ಹೊರಡುತ್ತೇವೆ. ಗಂಡ ಬಾಯಿ ಮುಚ್ಚಿಕೊಂಡು ಕಾರಿನ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದಿದ್ದಾನೆ. ಮಗಳು ನಡುಮನೆಯಲ್ಲಿ ಟೆಂಟು ಹರಡಿಕೊಂಡು ಅದರೊಳಗೇ ಊಟ ಮಾಡುತ್ತಿದ್ದಾಳೆ. ಅಲ್ಲಿ ಅವಳಿಗೆ ಹೇಳಿಕೊಡಲು ಒಬ್ಬ ಹುಡುಗನನ್ನು ಫೋನಿನಲ್ಲೇ ಗೊತ್ತು ಮಾಡಿದ್ದೇನೆ. ಒಳ್ಳೆಯವನಂತೆ ಕಾಣುತ್ತಾನೆ, ನಿಧಾನವಾಗಿ ಮಾತಾಡುತ್ತಾನೆ. ತೆರೆ ಬಂದಾಗ ಮೈಯನ್ನು ಹೇಗೆ ಬಿಡಬೇಕು ಎಂದು ಅವನೇ ಹೇಳಿಕೊಡುತ್ತಾನೆ. ನನ್ನ ಮಗಳಿಗೆ ಅದನ್ನು ಹೇಳಿಕೊಡಬೇಕಾಗಿದ್ದವರು ಬೇರೆ ಇದ್ದರು.