ಕುರಿ ಸುಮ್ಮನೆ ಹೋಗುವುದಿಲ್ಲ

ವೈದ್ಯಕೀಯ ಕಾಲೇಜು ಸೇರುವಾಗ ಅರ್ಜಿಯಲ್ಲಿ ಅಪ್ಪನ ಉದ್ಯೋಗ ‘ಒಕ್ಕಲುತನ’ ಅಂತ ಬರೆದಿದ್ದೆ. ನಮಗೆ ಗೇಣು ಹೊಲ ಇರಲಿಲ್ಲ. ಅಪ್ಪ ದೇವದುರ್ಗದ ಕಡೆ ಕುರಿ ಕಾಯುವವನು. ಎಂಬತ್ತರ ದಶಕದ ಆ ಕಾಲೇಜಿನಲ್ಲಿ, ಡಾಕ್ಟರರ, ವಕೀಲರ ಮಕ್ಕಳ ನಡುವೆ ಕುರಿ ಅನ್ನುವ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಕೊನೆಯ ವರ್ಷ ಅಪ್ಪನ ಹೊಟ್ಟೆಯ ಬಲಗಡೆ ಗಡ್ಡೆ ಕಂಡಿತು. ರಾಯಚೂರಿನಲ್ಲಿ ತೋರಿಸಿದಾಗ ಲಿವರ್ ಕ್ಯಾನ್ಸರ್, ಆಗಲೇ ಶ್ವಾಸಕೋಶಕ್ಕೂ ಹಬ್ಬಿದೆ ಎಂದರು. ಮಾನ್ವಿಯಲ್ಲಿ ಮಾಸ್ತರನಾಗಿದ್ದ ಅಣ್ಣ, ಕಾಮಾಲೆ ಅಂತ ಹೇಳಿಬಿಡೋಣ ಅಂದ. ಕುರಿ ಕೊಯ್ದಾಗ ಕಲೇಜಿ, ಅಂದರೆ ಲಿವರ್, ನೋಡಿಯೇ ಅದಕ್ಕಿದ್ದ ರೋಗ ಹೇಳುತ್ತಿದ್ದವನಿಗೆ ಸುಳ್ಳು ಹೇಳುವುದು ಹೇಗೆ? ಮನೆಯ ಕಟ್ಟೆಯ ಮೇಲೆ ಕೂತು ನಿಜವನ್ನೇ ಹೇಳಿದೆ. ಕಲೇಜಿಯ ಕಣಗಳು ಹಿಂಡು ತಪ್ಪಿದ ಕುರಿಗಳಂತೆ ತಾವಾಗಿಯೇ ಹೊರಟು ಎದೆ ಸೇರಿವೆ ಎಂದೆ.

ಅಪ್ಪ ಸಾವಿನ ಮಾತು ಬಿಟ್ಟು ಕುರಿಯ ಮಾತು ಹಿಡಿದ. ಹಳ್ಳದ ದಂಡೆಯಲ್ಲಿ ಎರಡು ಹಿಂಡು ಬೆರೆತರೆ ಕಾಯುವವರು ಜಗಳಾಡುವುದಿಲ್ಲ. ಆಚೆಗೊಬ್ಬ ಈಚೆಗೊಬ್ಬ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ, ಕುರಿಗಳು ತಾವೇ ಬೇರೆಯಾಗುತ್ತವೆ.

“ಕುರಿ ಸುಮ್ಮಸುಮ್ಮನ ಹೋಗಂಗಿಲ್ಲ ಯವ್ವಾ, ಕೂಗು ಕೇಳಿ ಹೋಗತದ. ಕೂಗಾಕತ್ತವ್ರು ಯಾರಂತ ನಿಮ್ಮ ಡಾಕ್ಟರ್ ಮಂದಿ ನೋಡ್ಯಾರೇನು?”

ಕಾಲೇಜಿಗೆ ಮರಳಿ ಗ್ರಂಥಾಲಯ ಜಾಲಾಡಿದೆ. ಸಂಶೋಧಕರು ಹುಡುಕುತ್ತಿದ್ದದ್ದೂ ಅದನ್ನೇ. ಜೀವಕೋಶದ ಮೈಮೇಲೆ ಸಂಕೇತ ಹಿಡಿಯುವ ಜಾಗಗಳಿವೆ. ಹೊರಗಿನ ಸಂಕೇತ ಅಲ್ಲಿ ತಾಗಿದರೆ ಸುದ್ದಿ ಒಳಗೆ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಬೆಳೆ, ಪಕ್ಕದವರ ಕೈ ಬಿಡು, ಹೊರಡು ಎಂದು ಅಪ್ಪಣೆಯಾಗುತ್ತದೆ. ಕ್ಯಾನ್ಸರಿನಲ್ಲಿ ಆ ಕೂಗು ನಿಲ್ಲುವುದೇ ಇಲ್ಲ. ಓದುತ್ತ ಓದುತ್ತ ಅಪ್ಪನ ಬಗ್ಗೆ ಹೆಮ್ಮೆಯಾಗಿ ಅತ್ತುಬಿಟ್ಟೆ.

ಮೌಖಿಕ ಪರೀಕ್ಷೆಯಲ್ಲಿ ಲಿವರ್ ಕ್ಯಾನ್ಸರ್ ಹೇಗೆ ಹಬ್ಬುತ್ತದೆ ಅಂತಲೇ ಕೇಳಿದರು. ಹಳ್ಳದ ದಂಡೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಈ ಹೋಲಿಕೆ ಯಾವ ಪುಸ್ತಕದ್ದು ಎಂದರು ಪರೀಕ್ಷಕರು. ಅಪ್ಪನದು ಎಂದೆ. ಅಪ್ಪ ಯಾವ ಕಾಲೇಜಿನಲ್ಲಿದ್ದಾರೆ ಎಂದು ಕೇಳಿದರು.

“ಕುರಿ ಕಾಯ್ತಾರೆ, ಸರ್.”

ಹೊರಗೆ ಬಂದವಳು ನೆಟ್ಟಗೆ ಆಫೀಸಿಗೆ ಹೋಗಿ, ಗುಮಾಸ್ತನ ಬೆನ್ನುಬಿದ್ದು ನನ್ನ ಅರ್ಜಿ ತೆಗೆಸಿ ‘ಒಕ್ಕಲುತನ’ ಹೊಡೆಸಿ ‘ಕುರಿ ಕಾಯುವುದು’ ಎಂದು ಬರೆಸಿದೆ. ಊರಿಗೆ ಹೋಗಿ ಪರೀಕ್ಷೆಯದು, ಅರ್ಜಿಯದು ಎಲ್ಲ ಖುಷಿಯಿಂದ ಹೇಳಿದರೆ ಅಪ್ಪ, “ಮೊದಲ ಏನಂತ ಬರದಿದ್ದಿ?” ಅಂದ.

ಹೇಳಿದೆ. ಅವನ ರೋಗವನ್ನು ಮುಚ್ಚಿಡದವಳು ಅವನನ್ನೇ ಮುಚ್ಚಿಟ್ಟಿದ್ದೆ. ಅಪ್ಪ ಗೋಡೆ ಕಡೆ ಹೊರಳಿ ಮಲಗಿದ. ಆಮೇಲೆ ನೋಡಲು ಬಂದ ನೆರೆಯವನನ್ನು ಹತ್ತಿರ ಕರೆದು, ತನ್ನ ಮಗಳು ದೊಡ್ಡ ಡಾಕ್ಟರಿಗೆ ನಮ್ಮ ಕೂಗು ಕಲಿಸಿ ಬಂದಿದ್ದಾಳೆ ಎಂದ. ಕೊನೆಯ ಎಂಟು ದಿನ ಬಂದವರಿಗೆಲ್ಲ ಅದನ್ನೇ ಹೇಳಿದ.