ಒಂದು ಟೈಲಿಗೆ ಒಂದು ಹೆಜ್ಜೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಯಾಕಮ್ಮ ಎಂಬ ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಹೊಸ ಸೋಪಿನ ಪುಡಿ ಬಂದರೆ ಇದು ಯಾಕೆ, ಇಸ್ತ್ರಿ ಯಂತ್ರದ ಹಬೆ ಇಳಿಸಿದರೆ ಅದು ಯಾಕೆ. ಒಂದು ದಿನ ಮೇಸ್ತ್ರಿ ರೋಸಿಹೋಗಿ, "ತಾಯೀ, ನಿಂಗೆ ಯಾಕಮ್ಮ ಅಂತಲೇ ಹೆಸರಿಡಬೇಕಿತ್ತು" ಅಂದ. ಅದೇ ನಿಂತುಬಿಟ್ಟಿತು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಈ ಹೆಸರು ಯಾಕೆ ಬಂತು ಎಂಬುದಾದರೂ ಅವಳಿಗೆ ಗೊತ್ತಿತ್ತಲ್ಲ.

ಹಗಲೆಲ್ಲ ಚಾದರ ಮಡಿಸುವ ಈ ಹೆಂಗಸು, ನಲವತ್ತು ದಾಟಿದ ಮೇಲೆ, ಸಂಜೆ ಕಾಲೇಜಿನಲ್ಲಿ ಪದವಿಗೆ ಓದುತ್ತಿದ್ದಳು. ಮಿಕ್ಕ ವಿಷಯಗಳೆಲ್ಲ ಮುಗಿದು ಉನ್ನತ ಗಣಿತದ ಒಂದೇ ಪತ್ರಿಕೆ ಉಳಿದಿತ್ತು. ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಓದದೆ ಅಲ್ಲ. ಮೊದಲನೆಯ ಪ್ರಶ್ನೆಯ ನಡುವೆ ಎಲ್ಲೋ ಒಂದು ಹೆಜ್ಜೆ ಯಾಕೆ ಸರಿ ಎಂದು ತಲೆ ಕೆಡಿಸಿಕೊಂಡು ಕೂತರೆ ಮುಗಿಯಿತು, ಗಂಟೆ ಬಾರಿಸುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಎರಡು ಸಲವೂ ಅವಳ ಉತ್ತರ ಪತ್ರಿಕೆಯಲ್ಲಿ ಇದ್ದದ್ದು ಒಂದೇ ಉತ್ತರ, ಅದೂ ಅರ್ಧ.

ಈ ಸಲ ಹಾಗೆ ಮಾಡುವಂತಿರಲಿಲ್ಲ. ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಪರೀಕ್ಷೆ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಪಕ್ಕದ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ, ಪದವಿ ಕೈಗೆ ಬಂದರೆ ಲೆಕ್ಕದ ಮೇಡಂ ಕೆಲಸ ನಿನಗೇ ಎಂದು ಮಾತು ಕೊಟ್ಟಿದ್ದರು. ಅತ್ತೆಯಂತೂ ಆಗಲೇ ಬೀದಿಗೆಲ್ಲ ಸಾರಿಯಾಗಿತ್ತು. "ನಮ್ಮ ಸೊಸೆ ದೊಡ್ಡ ಲೆಕ್ಕ ಓದ್ತಾಳೆ. ಹಾಲಿನವನ ಲೆಕ್ಕ ಮಾತ್ರ ನಾನೇ ಮಾಡ್ಬೇಕು" ಎಂದು ನಗುತ್ತಿದ್ದರು. ನಗುವಿನ ಹಿಂದೆ ಎಷ್ಟು ಹೆಮ್ಮೆ ಇತ್ತೆಂದರೆ, ಅದನ್ನು ಕೇಳಿದಾಗಲೆಲ್ಲ ಯಾಕಮ್ಮನಿಗೆ ಭಯವಾಗುತ್ತಿತ್ತು.

ಅದೇ ಪತ್ರಿಕೆಗೆ ಕೂರುವವರು ಇನ್ನಿಬ್ಬರಿದ್ದರು. ಒಬ್ಬ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು, ಎಲ್ಲರ ಬಾಯಲ್ಲೂ ಮೀಟರ್. ಬಲು ಚುರುಕು, ಆದರೆ ಮೊದಲ ಹೆಜ್ಜೆಯಿಂದ ಐದನೆಯದಕ್ಕೆ ನೆಗೆಯುವ ಜಾತಿ. ಇನ್ನೊಬ್ಬಳು ಔಷಧಿ ಅಂಗಡಿಯ ಹುಡುಗಿ, ಗುಳಿಗೆ. ಪುಸ್ತಕವನ್ನು ಅಗಿಯದೆ ನುಂಗುತ್ತಿದ್ದಳು. ಯಾವ ಪುಟ ಕೇಳಿದರೂ ಅಕ್ಷರ ತಪ್ಪದೆ ಒಪ್ಪಿಸಿಯಾಳು, ಅರ್ಥ ಕೇಳಿದರೆ ಮಾತ್ರ ಕಣ್ಣು ಕಣ್ಣು ಬಿಟ್ಟಾಳು.

ಭಾನುವಾರ ಮಧ್ಯಾಹ್ನ ಲಾಂಡ್ರಿಗೆ ರಜೆ. ಯಂತ್ರಗಳೆಲ್ಲ ಸುಮ್ಮನಾದ ಮೇಲೆ, ಮೇಸ್ತ್ರಿಯ ಒಪ್ಪಿಗೆ ಪಡೆದು, ಮೂವರೂ ಮಡಿಸುವ ಕೋಣೆಯಲ್ಲಿ ಸೇರುತ್ತಿದ್ದರು. ಆ ಕೋಣೆಯ ಒಂದು ಗೋಡೆಗೆ ಮೇಲಿನಿಂದ ಕೆಳಗಿನವರೆಗೂ ಬಿಳಿ ಟೈಲು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದರೆ ಒದ್ದೆ ಬಟ್ಟೆಗೆ ಅಳಿದುಹೋಗುತ್ತಿತ್ತು. ಮೀಟರನ ನೆಗೆತಕ್ಕೆ ಕಡಿವಾಣ ಹಾಕಲು ಯಾಕಮ್ಮ ಒಂದು ಕಟ್ಟಳೆ ಮಾಡಿದ್ದಳು. ಒಂದು ಟೈಲಿಗೆ ಒಂದೇ ಹೆಜ್ಜೆ. ಟೈಲು ತುಂಬಿದ ಮೇಲೆ ಬರೆದವನು ಅವಳ ಕಡೆ ತಿರುಗಬೇಕು. ಅವಳು ಯಾಕೆ ಎಂದರೆ ವಿವರಿಸಬೇಕು, ಹೂಂ ಎಂದರೆ ಮುಂದಿನ ಟೈಲು. ಕೊನೆಯ ಹೂಂ ಬೀಳುವವರೆಗೂ ಬಿಸ್ಕತ್ತಿನ ಪೊಟ್ಟಣ ಒಡೆಯುವ ಹಾಗಿಲ್ಲ. ಹೀಗೆ ವಿವರಿಸಿ ವಿವರಿಸಿ ಮೀಟರ್ ನಿಧಾನ ಕಲಿತ. ಕೇಳಿ ಕೇಳಿ ಗುಳಿಗೆಗೂ ಅಷ್ಟಿಷ್ಟು ಅರ್ಥವಾಗತೊಡಗಿತು.

ಯಾಕಮ್ಮನಿಗೆ ಮಾತ್ರ ದಿನ ಹತ್ತಿರವಾದಂತೆ ಹಿಂದಿನ ಎರಡು ಡುಮ್ಕಿಗಳೇ ಕಣ್ಣ ಮುಂದೆ. ಒಂದು ಭಾನುವಾರ ಹೊರಡುವಾಗ ಗಂಡ, ಪಾಪ, ಒಳ್ಳೆಯದಕ್ಕೇ ಹೇಳಿದ, "ನೋಡು, ಈ ಸಲ ಯಾಕೆ ಅನ್ನೋದನ್ನ ಮನೇಲೇ ಇಟ್ಟು ಹೋಗು. ಅವರು ಹೇಳಿದ್ದನ್ನ ಉರು ಹೊಡಿ, ಬರಿ, ಪಾಸಾಗು."

ಅವಳಿಗೂ ಅದೇ ಸರಿಯೆನಿಸಿತು. ಅವತ್ತು ಮೀಟರ್ ಪ್ರತಿ ವರ್ಷವೂ ತಪ್ಪದೆ ಕೇಳುವ ಒಂದು ಪ್ರಮೇಯವನ್ನು ಬರೆಯುತ್ತಿದ್ದ. ಎರಡೂ ತುದಿ ಸೇರಿದ ಗೆರೆಯ ಮೇಲಿನ ಒಂದೊಂದು ಬಿಂದುವಿಗೂ, ಅದರ ಸುತ್ತ ಇಷ್ಟು ದೂರದವರೆಗೆ ಹೇಳಿದ ಮಾತು ನಿಲ್ಲುತ್ತದೆ ಎಂಬ ಒಂದೊಂದು ಅಂತರ ಸಿಗುತ್ತದೆ, ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ ಅಂತರ ಇದೆ ಎಂದು ತೋರಿಸಬೇಕು. "ಇರೋ ಅಂತರಗಳಲ್ಲೆಲ್ಲಾ ಚಿಕ್ಕದನ್ನ ತಗೊಳ್ಳೋದು. ಅದು ಎಲ್ಲದಕ್ಕೂ ಆಗುತ್ತೆ" ಎಂದು ಟೈಲು ತುಂಬಿಸಿ ತಿರುಗಿದ. ಅವಳಿಗೆ ಏನೋ ಚುಚ್ಚಿತು. ಬಾಯಿಗೆ ಬಂದ ಯಾಕೆಯನ್ನು ನುಂಗಿಕೊಂಡು ಹೂಂ ಎಂದಳು. ಮುಂದಿನ ಟೈಲಿಗೂ ಹೂಂ. ಅದರ ಮುಂದಿನದಕ್ಕೂ ಹೂಂ. ಬಿಸ್ಕತ್ತಿನ ಪೊಟ್ಟಣ ಅಷ್ಟು ಬೇಗ ಯಾವತ್ತೂ ಒಡೆದಿರಲಿಲ್ಲ. "ಅಕ್ಕಾ, ಇವತ್ತು ನಿಮಗೆ ಹುಷಾರಿಲ್ವಾ?" ಎಂದು ಮೀಟರ್ ತಮಾಷೆ ಮಾಡಿದ. ಅವಳ ಹೂಂ ಬಿದ್ದ ಮೇಲೆ ಕೇಳುವುದೇನಿದೆ ಎಂದು ಮೂವರೂ ಅದನ್ನೇ ಬಾಯಿಪಾಠ ಮಾಡಿದರು.

ಆದರೆ ನುಂಗಿದ ಯಾಕೆ ಎಲ್ಲಿಗೆ ಹೋದೀತು? ಗಂಟಲ ಮುಳ್ಳಿನಂತೆ ಅಲ್ಲೇ ಇತ್ತು. ಪರೀಕ್ಷೆಗೆ ಮುಂಚಿನ ಶನಿವಾರ ಅವಳು ಎಂದಿನಂತೆ ಚಾದರ ಮಡಿಸುತ್ತಿದ್ದಳು. ಅರ್ಧಕ್ಕೆ ಮಡಿಸಿದಳು, ಅದರರ್ಧ, ಮತ್ತೆ ಅದರರ್ಧ. ಬಟ್ಟೆ ದಪ್ಪವಾಗಿ ಕೈ ನಿಂತಿತು. ದಪ್ಪವಾಗದೆ ಇದ್ದಿದ್ದರೆ? ಮಡಿಸುತ್ತಲೇ ಇರಬಹುದಿತ್ತು. ಎಲ್ಲಕ್ಕಿಂತ ಚಿಕ್ಕ ಅರ್ಧ ಎಂಬುದು ಬರುವುದೇ ಇಲ್ಲ. ಅವಳು ಚಾದರವನ್ನು ಕೆಳಗಿಟ್ಟಳು. ಗೆರೆಯ ಮೇಲೆ ಬಿಂದುಗಳಿಗೆ ಕೊನೆಯೇ ಇಲ್ಲ. ಹಾಗಾದರೆ ಅವುಗಳ ಅಂತರಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಒಂದು ಇದ್ದೇ ಇದೆ ಎಂದು ಹೇಳಿದವರು ಯಾರು? ಸಾಧಿಸಿದ ರೀತಿಯೇ ತಪ್ಪು. ಅದನ್ನು ಮೂವರೂ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಕಲಿತಿದ್ದರು.

ಮರುದಿನ ಮಧ್ಯಾಹ್ನ ಅವಳು ನೇರವಾಗಿ ಹೇಳಿದಳು. "ಅವತ್ತು ನಂಗೆ ಅರ್ಥ ಆಗಿರ್ಲಿಲ್ಲ. ಆದ್ರೂ ಹೂಂ ಅಂದೆ. ನಿಮ್ಮಿಬ್ಬರನ್ನೂ ಕೆಡಿಸಿದೆ."

ಮೀಟರ್ ಮೊದಲು ಜಗಳಕ್ಕೇ ನಿಂತ. ಪುಸ್ತಕದಲ್ಲಿ ಹಾಗೇ ಇದೆ ಎಂದು ವಾದಿಸಿದ. ಗುಳಿಗೆ ಕಣ್ಣು ಮುಚ್ಚಿ ಪುಟವನ್ನು ಒಪ್ಪಿಸತೊಡಗಿದಳು. ನಡುವೆ ಒಂದು ಸಾಲು ಬಂತು. ಎಲ್ಲ ಬಿಂದುಗಳೂ ಬೇಡ, ಎಣಿಸಿ ಮುಗಿಸಬಹುದಾದ ಕೆಲವೇ ಬಿಂದುಗಳ ಸುತ್ತಲ ಅಂತರಗಳು ಸೇರಿ ಇಡೀ ಗೆರೆಯನ್ನು ಮುಚ್ಚುತ್ತವೆ.

"ಅಣ್ಣ, ಈ ಸಾಲು ನೀನು ಬರೀಲೇ ಇಲ್ಲ" ಎಂದಳು.

ಮೀಟರ್ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟ. "ಸುಮ್ನೆ ಪುಟ ತುಂಬಿಸೋಕೆ ಹಾಕಿದಾರೆ ಅಂದ್ಕೊಂಡೆ" ಎಂದ. ಕೆಲವೇ ಇದ್ದರೆ ಅವುಗಳಲ್ಲಿ ಚಿಕ್ಕದು ಇದ್ದೇ ಇರುತ್ತದೆ. ಪ್ರಮೇಯದ ಜೀವವೇ ಆ ಸಾಲಿನಲ್ಲಿತ್ತು.

"ಅಕ್ಕಾ, ಯಾಕೆ ಅಂತ ಕೇಳೋದು ನಿಮ್ಮ ರೋಗ ಅಲ್ಲ. ಅದನ್ನ ಪರೀಕ್ಷೆ ಹಾಲ್‌ನಲ್ಲಿ ಕೇಳ್ತಾ ಕೂರೋದು ರೋಗ. ಇರೋ ಯಾಕೆ ಎಲ್ಲಾ ಇಲ್ಲೇ ಕೇಳಿ ಮುಗಿಸಿ" ಎಂದು ಅವನೇ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆ ಒರೆಸಿದ.

"ಅಲ್ಲೂ ಒಂದು ಹೊಸದು ಹುಟ್ಟಿದ್ರೆ?" ಎಂದು ಕೇಳಿದಳು ಯಾಕಮ್ಮ.

"ಒಂದು ಟೈಲು ಖಾಲಿ ಬಿಟ್ಟು ಮುಂದೆ ಹೋಗಿ. ಗೋಡೆ ಏನೂ ಬೀಳಲ್ಲ."

ಅವತ್ತು ಮೊದಲ ಪಾಠದಿಂದ ಹಿಡಿದು ಒಂದೊಂದು ಹೆಜ್ಜೆಯನ್ನೂ ಅವಳು ಜಾಲಾಡಿದಳು. ಹಳೆಯ ಹೂಂಗಳನ್ನೆಲ್ಲ ವಾಪಸು ಪಡೆದು ಹೊಸದಾಗಿ ಕೊಟ್ಟಳು. ಹೇಳಿ ಹೇಳಿ ಮೀಟರನ ದನಿಯೇ ಒಡೆಯಿತು. ಗುಳಿಗೆ ಮೊದಲ ಸಲ ಪುಸ್ತಕ ಬಿಟ್ಟು ತನ್ನದೇ ಮಾತಿನಲ್ಲಿ ಒಂದು ಟೈಲು ವಿವರಿಸಿದಳು. ಬಿಸ್ಕತ್ತಿನ ನೆನಪೇ ಯಾರಿಗೂ ಆಗಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಮೇಯ ಬಂದೇ ಬಂತು. ಯಾಕಮ್ಮ ಅದನ್ನು ನೀರು ಕುಡಿದಂತೆ ಬರೆದಳು. ಮುಂದಿನವೂ ಸರಾಗ. ಕೊನೆಯ ಪ್ರಶ್ನೆಯ ನಡುವೆ, ಎರಡು ಕ್ರಿಯೆಗಳ ಕ್ರಮವನ್ನು ಹಿಂದುಮುಂದು ಮಾಡುವ ಹೆಜ್ಜೆಯೊಂದರಲ್ಲಿ, ಪೆನ್ನು ನಿಂತಿತು. ಹಿಂದುಮುಂದು ಮಾಡಿದರೂ ಉತ್ತರ ಅದೇ ಬರುವುದು ಯಾಕೆ? ಇದನ್ನು ಅವರು ಗೋಡೆಯ ಮೇಲೆ ಕೇಳಿರಲೇ ಇಲ್ಲ. ಹಳೆಯ ರೋಗ ಮೈಯೆಲ್ಲ ಹರಿದಾಡಿತು. ಹೊರಗೆ ಜವಾನ ಗಂಟೆಯ ಹತ್ತಿರ ಬಂದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಅತ್ತೆಯ ನಗು ನೆನಪಾಯಿತು. ಅವಳು ಹಲ್ಲು ಕಚ್ಚಿ ಹೀಗೆ ಬರೆದಳು: "ಈ ಹೆಜ್ಜೆ ಯಾಕೆ ಸರಿ ಎಂದು ನನಗೆ ಗೊತ್ತಿಲ್ಲ. ಸರಿ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ." ಹಾಗೆ ಬರೆಯುವಾಗ ಅವಮಾನವೇ ಆಯಿತು. ಆದರೂ ಮುಂದುವರಿದಳು. ಗಂಟೆ ಬಾರಿಸುವ ಹೊತ್ತಿಗೆ ಉತ್ತರ ಮುಗಿದಿತ್ತು.

ಫಲಿತಾಂಶ ಬಂದಾಗ ಮೂವರೂ ಪಾಸು. ಅತ್ತೆ ಬೀದಿಯಲ್ಲಿ ಯಾರನ್ನೂ ಬಿಡಲಿಲ್ಲ, ಹಾಲಿನವನಿಗೂ ಹೇಳಿದರು. ಶಾಲೆಯಿಂದ ಮರುವಾರವೇ ಬರಬೇಕೆಂದು ಕರೆ ಬಂತು.

ಆ ಭಾನುವಾರ ಮೀಟರ್ ಮತ್ತು ಗುಳಿಗೆ ದೊಡ್ಡ ಬಿಸ್ಕತ್ತಿನ ಪೊಟ್ಟಣ ಹಿಡಿದು ಲಾಂಡ್ರಿಗೆ ಬಂದರು. ಯಾಕಮ್ಮ ಅವರಿಗಿಂತ ಮೊದಲೇ ಬಂದು ಗೋಡೆಯ ಮುಂದೆ ನಿಂತಿದ್ದಳು. ಕೊನೆಯ ಪ್ರಶ್ನೆಯ ಒಂದೊಂದು ಹೆಜ್ಜೆಯೂ ಒಂದೊಂದು ಟೈಲಿನಲ್ಲಿತ್ತು, ನಡುವೆ ಒಂದು ಟೈಲು ಖಾಲಿ.

"ಅಕ್ಕಾ, ಎಲ್ಲಾ ಮುಗೀತಲ್ಲ. ಇನ್ಯಾರು ಕೇಳ್ತಾರೆ ಇದನ್ನ?" ಎಂದ ಮೀಟರ್.

"ನಾಳೆ ಕ್ಲಾಸಲ್ಲಿ ಯಾವುದಾದ್ರೂ ಮಗು ಎದ್ದು ನಿಂತು ಯಾಕೆ ಮೇಡಂ ಅನ್ನುತ್ತಪ್ಪ. ಇಂಥದ್ದೇ ಇನ್ನೊಂದು ಕೇಳಿದ್ರೆ, ಒಪ್ಪಿಕೊಂಡು ಮುಂದೆ ಹೋಗು ಅಂತ ಹೇಳ್ಲಾ?"

ಮೀಟರ್ ನಿಟ್ಟುಸಿರು ಬಿಟ್ಟು ಪೊಟ್ಟಣವನ್ನು ಮಡಿಸಿದ ಚಾದರಗಳ ಮೇಲಿಟ್ಟ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಟೈಲಿನ ಮುಂದೆ ನಿಂತ. ಅವನಿಗೂ ಅದು ಗೊತ್ತಿರಲಿಲ್ಲ. ಗುಳಿಗೆ ಚೀಲದಿಂದ ಪುಸ್ತಕ ತೆಗೆದಳು. ಆ ಪೊಟ್ಟಣ ಒಡೆದದ್ದು ಸಂಜೆಯ ಮೇಲೆ.